ಒಸಡಿನಿಂದ ಹೃದಯಕ್ಕೆ ಎಷ್ಟು ದೂರ?

ಅಪ್ಪನ ಎಡಗಡೆ ಕೆಳಸಾಲಿನಲ್ಲಿ ಒಂದು ದವಡೆಹಲ್ಲು ಇಲ್ಲ. ಹೋದ ವರ್ಷ ಕೀಳಿಸಿದ್ದು. ನೋವು ಅದರದ್ದಲ್ಲ, ಹೃದಯದ್ದು ಅಂತ ಗೊತ್ತಾಗುವ ಹೊತ್ತಿಗೆ ಹಲ್ಲು ಕಸದ ಬುಟ್ಟಿ ಸೇರಿ ಹತ್ತು ದಿನ ಆಗಿತ್ತು.

ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಹೆಸರು ಬದಲಾಗಿ ಎಷ್ಟೋ ವರ್ಷ ಆಯ್ತು, ಆದರೂ ನಮ್ಮೂರಲ್ಲಿ ಅದು ಈಗಲೂ ಕೆಇಬಿಯೇ. ನಿವೃತ್ತಿಯಾದ ಮೇಲೆ ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಬಿಪಿ ಮಾತ್ರೆ ಒಂದು ಬಿಟ್ಟರೆ ಬೇರೆ ಔಷಧಿ ಮುಟ್ಟಿದವರಲ್ಲ. ಊಟ ಆದ ಮೇಲೆ ಎಲೆ ಅಡಿಕೆ ಮಾತ್ರ ತಪ್ಪಿಸಿದವರಲ್ಲ. ಮಳೆಗಾಲ ಶುರುವಾದಾಗಿಂದ ಫೋನಿನಲ್ಲಿ ಒಂದೇ ಮಾತು, 'ಎಡಗಡೆ ಹಲ್ಲು ಯಾಕೋ ಹಿಡ್ಕೊಂಡಂಗೆ ಆಗ್ತದೆ ಕಣವ್ವ.' ಅಮ್ಮ ಲವಂಗ ಇಟ್ಟು ನೋಡಿದಳು, ಉಪ್ಪುನೀರು ಮುಕ್ಕಳಿಸೋಕೆ ಕೊಟ್ಟಳು. ಕೊನೆಗೆ ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ನೋಡಿದರೆ ಒಂದು ಹಲ್ಲು ಸ್ವಲ್ಪ ಅಲ್ಲಾಡುತ್ತಿತ್ತು. ಅಲ್ಲಾಡುವ ಹಲ್ಲು, ಅದೇ ಕಡೆ ನೋವು. ಕಿತ್ತು ಕಳಿಸಿದರು. ನಾನೂ 'ಸರಿ ಹೋಯ್ತು ಬಿಡಿ' ಅಂದೆ.

ಹತ್ತನೇ ದಿನಕ್ಕೆ ನೋವು ವಾಪಸ್ ಬಂತು. ಹಲ್ಲಿಲ್ಲದ ಜಾಗದಲ್ಲೇ.

ಆ ವಾರ ನನ್ನದೇ ಒಂದು ಡೆಂಟಲ್ ಅಪಾಯಿಂಟ್‌ಮೆಂಟ್ ಇತ್ತು. ಎರಡು ವರ್ಷದಿಂದ ಬ್ರಶ್ ಮಾಡುವಾಗ ರಕ್ತ ಬರ್ತಿತ್ತು, ಎರಡು ವರ್ಷದಿಂದ ನಾನು ಅದನ್ನು ಮುಂದಿನ ವಾರಕ್ಕೆ ಹಾಕ್ತಿದ್ದೆ. ಅಪ್ಪನನ್ನೂ ಬೆಂಗಳೂರಿಗೆ ಕರೆಸಿಕೊಂಡು, 'ಮೊದಲು ಇವರನ್ನು ನೋಡಿ' ಅಂತ ಕುರ್ಚಿ ಮೇಲೆ ಕೂರಿಸಿದೆ. ಡಾಕ್ಟರಿಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು. ಪುಟ್ಟ ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟಿದರು. ನೋವಿಲ್ಲ. ಒಸಡು ಒತ್ತಿದರು. ನೋವಿಲ್ಲ. ತಣ್ಣೀರು ಕುಡಿಸಿದರು. ಏನೂ ಇಲ್ಲ. ಆಮೇಲೆ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಹಾಗೇ ನೆನಪಿದೆ: 'ಅಂಕಲ್, ಈ ನೋವು ಊಟ ಮಾಡುವಾಗ ಬರುತ್ತಾ, ನಡೆಯುವಾಗ ಬರುತ್ತಾ?'

ಅಪ್ಪ ಯೋಚಿಸಿ ಹೇಳಿದರು: 'ತೋಟದಿಂದ ಕೆರೆ ಏರಿ ಹತ್ತುವಾಗ ಬತ್ತದೆ ಡಾಕ್ಟ್ರಮ್ಮ. ಏರಿ ಮೇಲೆ ಒಂದ್ ಘಳಿಗೆ ಕೂತ್ಕಂಡ್ರೆ ಹೋಯ್ತದೆ.'

ಡಾಕ್ಟರ್ ಗ್ಲೌಸ್ ತೆಗೆದರು. 'ಇವತ್ತೇ ಹಾರ್ಟ್ ಡಾಕ್ಟರ್ ಹತ್ತಿರ ಹೋಗಿ. ಕ್ಯಾಬ್ ಮಾಡ್ಕೊಳ್ಳಿ, ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತಿಸಬೇಡಿ' ಅಂದರು.

ಇಸಿಜಿಯಲ್ಲಿ ಹೇಳಿಕೊಳ್ಳುವಂಥ ಏನೂ ಕಾಣಲಿಲ್ಲ. ಆಸ್ಪತ್ರೆಯವರು ಅಷ್ಟಕ್ಕೇ ಮನೆಗೆ ಕಳಿಸದೆ ಅಡ್ಮಿಟ್ ಮಾಡಿಕೊಂಡು ಆಂಜಿಯೋಗ್ರಾಂ ಮಾಡಿದರು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ನಾಳ ಶೇ 90ರಷ್ಟು ಕಟ್ಟಿಕೊಂಡಿತ್ತು. ಮರುದಿನ ಸ್ಟೆಂಟ್ ಹಾಕಿದರು. ಒಂದೇ ಒಂದು ದಿನವೂ ಅಪ್ಪನಿಗೆ ಎದೆನೋವು ಬಂದಿರಲಿಲ್ಲ.

ಇದು ಹೇಗೆ ಸಾಧ್ಯ ಅಂತ ಕೇಳಿದಾಗ ಕಾರ್ಡಿಯಾಲಜಿಸ್ಟ್ ಸರಳವಾಗಿ ವಿವರಿಸಿದರು. ಹೃದಯದಿಂದ ಬರುವ ನರಗಳೂ ಭುಜ, ಕುತ್ತಿಗೆ, ದವಡೆಯಿಂದ ಬರುವ ನರಗಳೂ ಮಿದುಳಿಗೆ ಹೋಗುವ ದಾರಿಯಲ್ಲಿ ಒಂದೇ ಜಂಕ್ಷನ್ನಿನಲ್ಲಿ ಸೇರುತ್ತವೆ. ದವಡೆಯಿಂದ ಸುದ್ದಿ ಬರೋದು ಮಿದುಳಿಗೆ ದಿನನಿತ್ಯದ ಮಾತು, ಹೃದಯದಿಂದ ಬರೋದು ಅಪರೂಪ. ಹಾಗಾಗಿ ನೋವಿನ ವಿಳಾಸ ತಪ್ಪಾಗಿ ಓದಿಕೊಳ್ಳುತ್ತದೆ. ನಡೆದರೆ, ಭಾರ ಎತ್ತಿದರೆ, ಮೆಟ್ಟಿಲು ಹತ್ತಿದರೆ ಬರುವ, ಕೂತರೆ ಹೋಗುವ ಹಲ್ಲುನೋವನ್ನು ಹಲ್ಲುನೋವು ಅಂದುಕೊಳ್ಳಬಾರದು. ಜೊತೆಗೆ ಬೆವರು, ಉಸಿರುಕಟ್ಟು, ವಾಕರಿಕೆ ಇದ್ದರೆ ಅಥವಾ ಕೂತರೂ ಹೋಗದಿದ್ದರೆ ಕ್ಲಿನಿಕ್ಕಿಗಲ್ಲ, ಸೀದಾ ಎಮರ್ಜೆನ್ಸಿಗೆ.

ಅಪ್ಪ ಐಸಿಯುನಲ್ಲಿದ್ದ ರಾತ್ರಿ ನಮ್ಮ ಫ್ಯಾಮಿಲಿ ಗ್ರೂಪಿಗೆ ಚಿಕ್ಕಪ್ಪನ ಫಾರ್ವರ್ಡ್ ಬಂತು. ಒಸಡಿನ ಕೀಟಾಣು ರಕ್ತಕ್ಕೆ ಸೇರಿ ಹೃದಯಾಘಾತ ಮಾಡುತ್ತದಂತೆ, ವರ್ಷಕ್ಕೆರಡು ಸಲ ಹಲ್ಲು ಕ್ಲೀನ್ ಮಾಡಿಸಿದರೆ ಬ್ಲಾಕ್ ಆಗೋದೇ ಇಲ್ಲವಂತೆ. ಕೆಳಗೆ ಹದಿನೇಳು ಕೈಮುಗಿಯುವ ಎಮೋಜಿ. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಆನ್‌ಕಾಲ್ ಇದ್ದೆ. ನಿದ್ದೆಯಂತೂ ಬರಲ್ಲ. ಇದರಲ್ಲಿ ನಿಜ ಎಷ್ಟು ಅಂತ ಓದಲು ಕೂತೆ. ಆಮೇಲೂ ಕೆಲವು ತಿಂಗಳು ಓದುತ್ತಲೇ ಇದ್ದೆ, ಯಾಕಂದರೆ ಅಷ್ಟರಲ್ಲಿ ವಿಷಯ ನನ್ನ ಬಾಯಿಗೂ ಬಂದಿತ್ತು.

ಅಪ್ಪ ಡಿಸ್ಚಾರ್ಜ್ ಆಗಿ ಎರಡು ವಾರಕ್ಕೆ ಅದೇ ಡಾಕ್ಟರ ಮುಂದೆ ನಾನು ಬಾಯಿ ಕಳೆದು ಮಲಗಿದ್ದೆ. ತೆಳ್ಳಗಿನ ಅಳತೆ ಕಡ್ಡಿಯೊಂದನ್ನು ಹಲ್ಲು ಮತ್ತು ಒಸಡಿನ ಸಂದಿಗೆ ಇಳಿಸುತ್ತಾ ಅವರು ನಂಬರ್ ಹೇಳ್ತಾರೆ, ಅಸಿಸ್ಟೆಂಟ್ ಬರ್ಕೊಳ್ತಾಳೆ. 'ಎರಡು, ಎರಡು, ಮೂರು. ಮೂರು, ಎರಡು, ನಾಲ್ಕು. ಬ್ಲೀಡಿಂಗ್. ಐದು. ಬ್ಲೀಡಿಂಗ್. ಆರು.' ಮಿಲಿಮೀಟರ್ ಲೆಕ್ಕ. ಆರೋಗ್ಯವಾದ ಒಸಡಿನಲ್ಲಿ ಈ ಸಂದಿ 1ರಿಂದ 3 ಮಿ.ಮೀ. ಇರುತ್ತದೆ. ನಾಲ್ಕು ದಾಟಿದರೆ ಅಲ್ಲಿಗೆ ಬ್ರಶ್ ಮುಟ್ಟಲ್ಲ. ಆರು ಅಂದರೆ ಒಳಗೆ ಮೂಳೆ ಕರಗಲು ಶುರುವಾಗಿದೆ ಅಂತ ಅರ್ಥ. ನನಗೆ ಮೂವತ್ತು. ಸ್ಟೆಪ್ಸ್ ಎಣಿಸುವ ವಾಚ್ ಕೈಯಲ್ಲಿ ಕಟ್ಟಿಕೊಂಡೇ ಆ 'ಆರು' ಕೇಳಿಸಿಕೊಂಡೆ.

ಒಸಡಿನ ಕಾಯಿಲೆ ಶುರುವಾಗುವ ರೀತಿಯನ್ನು ಚೆನ್ನಾಗಿ ತೋರಿಸಿದ್ದು ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ನಡೆದ ಒಂದು ಪ್ರಯೋಗ. 1965ರಲ್ಲಿ ಪ್ರಕಟವಾದದ್ದು. ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಾದ ಬಾಯಿಯ 12 ಜನಕ್ಕೆ, ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ, ಹಲ್ಲುಜ್ಜೋದು ನಿಲ್ಲಿಸಿ ಅಂದರು. 10ರಿಂದ 21 ದಿನದೊಳಗೆ ಹನ್ನೆರಡೂ ಜನಕ್ಕೆ ಒಸಡು ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಹಲ್ಲಿನ ಮೇಲೆ ಕೂರುವ ಅಂಟು ಪದರ, ಅದರಲ್ಲಿರುವ ಬ್ಯಾಕ್ಟೀರಿಯಾ, ಅದರ ವಿರುದ್ಧ ದೇಹ ಹೂಡುವ ಯುದ್ಧ: ರಕ್ತ ಬರೋದು ಈ ಯುದ್ಧದಿಂದ. ಈ ಹಂತಕ್ಕೆ ಜಿಂಜಿವೈಟಿಸ್ ಅಂತ ಹೆಸರು. ಇಲ್ಲಿಂದ ಪೂರ್ತಿ ವಾಪಸ್ ಬರಬಹುದು. ಯುದ್ಧ ವರ್ಷಗಟ್ಟಲೆ ನಡೆದು ಹಲ್ಲನ್ನು ಹಿಡಿದಿರುವ ಮೂಳೆ ಕರಗಿದರೆ ಅದು ಪೆರಿಯೊಡಾಂಟೈಟಿಸ್. ಅಲ್ಲಿ ಕಾಯಿಲೆಯನ್ನು ನಿಲ್ಲಿಸಬಹುದು, ಹೋದ ಮೂಳೆ ತಾನಾಗಿ ಮತ್ತೆ ಬೆಳೆಯಲ್ಲ.

ಎಲ್ಲರಿಗೂ ಒಂದೇ ವೇಗದಲ್ಲಿ ಇದು ಆಗೋದೂ ಇಲ್ಲ. ಇದೇ ಲೋ ಆಮೇಲೆ ಶ್ರೀಲಂಕಾದ ಚಹಾ ತೋಟಗಳಲ್ಲಿ, ಹಲ್ಲಿನ ಆರೈಕೆಯೇ ಕಾಣದ 480 ಕೂಲಿ ಕಾರ್ಮಿಕರ ಬಾಯಿಯನ್ನು 1970ರಿಂದ 15 ವರ್ಷ ನೋಡುತ್ತಾ ಹೋದರು. ಶೇ 8ರಷ್ಟು ಜನಕ್ಕೆ ಕಾಯಿಲೆ ನಾಗಾಲೋಟದಲ್ಲಿ ಬೆಳೆಯಿತು, ಶೇ 81ರಷ್ಟು ಜನಕ್ಕೆ ಮಧ್ಯಮ ವೇಗದಲ್ಲಿ. ಶೇ 11ರಷ್ಟು ಜನಕ್ಕೆ ಒಸಡು ಕೆಂಪಾದದ್ದು ಬಿಟ್ಟರೆ ಮುಂದೆ ಏನೂ ಆಗಲಿಲ್ಲ. 'ನಮ್ಮಜ್ಜ ಇದ್ದಲಿನಲ್ಲಿ ಉಜ್ಜಿ ತೊಂಬತ್ತು ವರ್ಷ ಕಬ್ಬು ಅಗಿದರು' ಅನ್ನುವವರಿಗೆ ನನ್ನ ಉತ್ತರ ಇದು. ನಿಮ್ಮಜ್ಜ ಆ ಹನ್ನೊಂದರಲ್ಲಿ ಒಬ್ಬರು. ನೀವು ಅಂತ ಏನು ಗ್ಯಾರಂಟಿ?

ಈಗ ಚಿಕ್ಕಪ್ಪನ ಫಾರ್ವರ್ಡಿಗೆ ಬರೋಣ.

ಅದರ ಮೂಲದಲ್ಲಿ ನಿಜ ಇದೆ. 1989ರಲ್ಲಿ ಫಿನ್ಲೆಂಡಿನ ಕಿಮ್ಮೊ ಮಟ್ಟಿಲಾ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೃದಯಾಘಾತವಾದ 100 ಜನ, ಆಗದ 102 ಜನ, ಇಬ್ಬರ ಬಾಯಿಯನ್ನೂ ಪರೀಕ್ಷಿಸಿದ್ದು. ಆಘಾತ ಆದವರ ಬಾಯಿ ಹೆಚ್ಚು ಕೆಟ್ಟಿತ್ತು. ವಯಸ್ಸು, ಸಿಗರೇಟು, ಕೊಬ್ಬಿನಂಶ, ಸಕ್ಕರೆ ಕಾಯಿಲೆ ಎಲ್ಲದರ ಲೆಕ್ಕ ಕಳೆದ ಮೇಲೂ ವ್ಯತ್ಯಾಸ ಉಳಿಯಿತು. 2016ರಲ್ಲಿ ಸ್ವೀಡನ್ನಿನವರು ಇದನ್ನೇ ದೊಡ್ಡದಾಗಿ ಮಾಡಿದರು. ಮೊದಲ ಸಲ ಹೃದಯಾಘಾತವಾದ 805 ಜನ, ಅವರಿಗೆ ಜೋಡಿಯಾಗಿ ಆಘಾತ ಆಗದ 805 ಜನ. ಒಸಡಿನ ಕಾಯಿಲೆ ಇದ್ದದ್ದು ಮೊದಲ ಗುಂಪಿನಲ್ಲಿ ಶೇ 43, ಎರಡನೆಯದರಲ್ಲಿ ಶೇ 33.

ಈ ಎರಡು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ವ್ಯತ್ಯಾಸ ಇದೆ, ತಳ್ಳಿಹಾಕುವ ಹಾಗಿಲ್ಲ. ಆದರೆ ಹೃದಯಾಘಾತವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಒಸಡಿನ ಕಾಯಿಲೆಯೇ ಇರಲಿಲ್ಲ. ಹೃದಯ ಚೆನ್ನಾಗಿದ್ದವರಲ್ಲಿ ಮೂವರಲ್ಲಿ ಒಬ್ಬರಿಗೆ ಇತ್ತು. ಫಾರ್ವರ್ಡಿನಲ್ಲಿ ಇದ್ಯಾವುದೂ ಇರಲ್ಲ.

ನಮ್ಮ ಕೆಲಸದಲ್ಲಿ ಎರಡು ಸರ್ವರ್ ಒಟ್ಟಿಗೆ ಬಿದ್ದರೆ, ಒಂದು ಇನ್ನೊಂದನ್ನು ಬೀಳಿಸಿತು ಅಂತ ತಕ್ಷಣ ಟಿಕೆಟ್ ಬರೆಯಲ್ಲ. ಎರಡಕ್ಕೂ ಒಂದೇ ಸ್ವಿಚ್ಚಿನಿಂದ ಕರೆಂಟು ಬರ್ತಿದೆಯಾ ಅಂತ ಮೊದಲು ನೋಡ್ತೀವಿ. ಒಸಡು ಮತ್ತು ಹೃದಯದ ವಿಷಯದಲ್ಲಿ ಅಂಥ ಸ್ವಿಚ್ಚುಗಳು ಬೇಕಾದಷ್ಟಿವೆ. ತಂಬಾಕು ಎರಡನ್ನೂ ಕೆಡಿಸುತ್ತದೆ. ಸಕ್ಕರೆ ಕಾಯಿಲೆಯೂ ಅಷ್ಟೇ. ಐಸಿಎಂಆರ್‌ನ 2023ರ ವರದಿ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಡಯಾಬಿಟಿಸ್ ಇದೆ. ಶುಗರ್ ಹೆಚ್ಚಾದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹತೋಟಿಗೆ ಬರೋದು ಕಷ್ಟ. ಇನ್ನು ಹಲ್ಲುಜ್ಜಲು ಸೋಮಾರಿತನ ಮಾಡುವವರು ವಾಕಿಂಗಿಗೆ ಮಾತ್ರ ತಪ್ಪದೆ ಹೋಗ್ತಾರೆ ಅಂತ ಏನಿಲ್ಲ.

ಹಾಗಂತ ಎಲ್ಲವನ್ನೂ ಸ್ವಿಚ್ಚಿನ ಮೇಲೆ ಹಾಕೋಕೂ ಆಗಲ್ಲ. ಒಸಡಿನ ಸಂದಿಯ ಒಳಗೋಡೆ ಹುಣ್ಣಾಗಿರುತ್ತದೆ. ಕಾಯಿಲೆ ಜೋರಾಗಿರುವವರಲ್ಲಿ ಆ ಹುಣ್ಣನ್ನೆಲ್ಲ ಬಿಡಿಸಿ ಹರಡಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದು ಅಂತ ಒಂದು ಅಂದಾಜಿದೆ. ಅಂಗೈ ಅಗಲ ಅಂತ ಫಾರ್ವರ್ಡುಗಳು ಹೇಳೋದು ಉತ್ಪ್ರೇಕ್ಷೆ. ನಾನು ಲೆಕ್ಕ ಹಾಕಿದೆ, ಎಟಿಎಂ ಕಾರ್ಡಿನ ಅರ್ಧಕ್ಕಿಂತ ಕಡಿಮೆ. ಆದರೆ ಮೊಣಕಾಲಿನ ಮೇಲೆ ಅಷ್ಟಗಲದ ಹಸಿಗಾಯ ಎರಡು ವರ್ಷ ಆರದೆ ಇದ್ದಿದ್ದರೆ ನಾನು ಅದನ್ನು ಮುಂದಿನ ವಾರಕ್ಕೆ ಹಾಕ್ತಿದ್ನಾ? ಅಲ್ಲಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ, ಅದು ಸಾಬೀತಾದ ವಿಷಯ. ಉರಿಯೂತದ ರಾಸಾಯನಿಕಗಳೂ ಇಳಿಯುತ್ತವೆ. ರಕ್ತನಾಳದಲ್ಲಿ ಕಟ್ಟಿಕೊಳ್ಳುವ ಕೊಬ್ಬಿನ ಗಂಟುಗಳಲ್ಲಿ ಒಸಡಿನ ಬ್ಯಾಕ್ಟೀರಿಯಾದ ಡಿಎನ್ಎ ಕೂಡ ಸಿಕ್ಕಿದೆ. ಆದರೆ ಕಳ್ಳತನವಾದ ಮನೆಯಲ್ಲಿ ಪಕ್ಕದ ಮನೆಯವನ ಚಪ್ಪಲಿ ಸಿಕ್ಕಿದ ಮಾತ್ರಕ್ಕೆ ಕಳ್ಳ ಅವನೇ ಅಂತಾಗಲ್ಲವಲ್ಲ. ಬಂದಿದ್ದ ಅನ್ನೋದಷ್ಟೇ ಖಾತ್ರಿ.

ಸರಿ, ಒಸಡು ರಿಪೇರಿ ಮಾಡಿದರೆ ರಕ್ತನಾಳಕ್ಕೆ ಲಾಭ ಇದೆಯಾ? 2007ರಲ್ಲಿ ಲಂಡನ್ನಿನ ತಂಡವೊಂದು ತೀವ್ರ ಒಸಡಿನ ಕಾಯಿಲೆ ಇದ್ದ 120 ಜನರ ಮೇಲೆ ಪರೀಕ್ಷೆ ನಡೆಸಿತು. ಆಳವಾಗಿ ಕ್ಲೀನ್ ಮಾಡಿಸಿಕೊಂಡವರ ರಕ್ತನಾಳಗಳು ಆರು ತಿಂಗಳ ನಂತರ ಉಳಿದವರಿಗಿಂತ ಚೆನ್ನಾಗಿ ಹಿಗ್ಗುತ್ತಿದ್ದವು. ಕುತೂಹಲದ ವಿಷಯ ಅಂದರೆ ಕ್ಲೀನ್ ಮಾಡಿದ ಮರುದಿನ ಅವೇ ರಕ್ತನಾಳಗಳು ಇನ್ನೂ ಬಿಗಿಯಾಗಿದ್ದವು. ಕಸ ಗುಡಿಸುವಾಗ ಮೊದಲು ಧೂಳು ಏಳುತ್ತದಲ್ಲ, ಹಾಗೆ. ಆದರೆ ರಕ್ತನಾಳ ಹಿಗ್ಗೋದು ಬೇರೆ, ಹೃದಯಾಘಾತ ತಪ್ಪೋದು ಬೇರೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದುವರೆಗಿನ ಸಂಶೋಧನೆಗಳನ್ನೆಲ್ಲ ತಿರುವಿ ಹಾಕಿ 2012ರಲ್ಲಿ ಹೇಳಿದ್ದರ ಸಾರ ಇಷ್ಟು: ಎರಡಕ್ಕೂ ನಂಟು ಇದೆ, ಬೇರೆ ಕಾರಣಗಳ ಲೆಕ್ಕ ಕಳೆದರೂ ಅದು ಉಳಿಯುತ್ತದೆ. ಆದರೆ ಒಸಡಿಗೆ ಚಿಕಿತ್ಸೆ ಕೊಟ್ಟರೆ ರಕ್ತನಾಳದ ಕಾಯಿಲೆ ತಪ್ಪುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಅಂಥ ಪುರಾವೆ ಬೇಕಾದರೆ ಸಾವಿರಾರು ಜನರನ್ನು ಹತ್ತಾರು ವರ್ಷ ನೋಡಬೇಕು, ಅವರಲ್ಲಿ ಅರ್ಧ ಜನಕ್ಕೆ ಚಿಕಿತ್ಸೆ ಕೊಡದೆ ಇರಬೇಕು. ಒಸಡು ಕೊಳೆಯುತ್ತಿರೋದು ಕಣ್ಣಿಗೆ ಕಾಣುವಾಗ ಯಾವ ಡಾಕ್ಟರ್ ತಾನೇ ಹಾಗೆ ಬಿಟ್ಟಾರು?

ಅವಸರದ ತೀರ್ಮಾನ ಏನು ಮಾಡಬಹುದು ಅನ್ನೋದಕ್ಕೆ ಇದೇ ವಿಷಯದಲ್ಲಿ ಹಳೆಯ ಕಥೆಯೊಂದಿದೆ. ವಿಲಿಯಂ ಹಂಟರ್ ಅನ್ನುವ ಲಂಡನ್ನಿನ ವೈದ್ಯರು 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಭಾಷಣ ಮಾಡಿದರು. ದೇಹದ ಎಷ್ಟೋ ಕಾಯಿಲೆಗಳಿಗೆ ಬಾಯಿಯ ಕೊಳಕೇ ಮೂಲ ಅಂತ. ಮಾತು ಹಬ್ಬಿತು. ಮುಂದಿನ ಎರಡು ಮೂರು ದಶಕ ಅಮೆರಿಕ, ಬ್ರಿಟನ್ನುಗಳಲ್ಲಿ ಸಂಧಿವಾತ ಇದ್ದರೂ ಹಲ್ಲು ಕಿತ್ತರು, ಸುಸ್ತು ಅಂದರೂ ಕಿತ್ತರು. ಅಮೆರಿಕದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕಿತ್ತುಹಾಕಿದರು. ಕಾಯಿಲೆಗಳು ಹೋಗಲಿಲ್ಲ, ಹಲ್ಲುಗಳು ಹೋದವು. ಇದನ್ನು ಓದುವಾಗ ನನಗೆ ಅಪ್ಪನ ದವಡೆಹಲ್ಲು ನೆನಪಾಗದೆ ಹೇಗಿರುತ್ತೆ.

ಹೃದಯಕ್ಕೂ ಬಾಯಿಗೂ ಅನುಮಾನವೇ ಇಲ್ಲದ ನಂಟು ಬೇರೊಂದು ಕಡೆ ಇದೆ: ಹೃದಯದ ಕವಾಟಗಳಲ್ಲಿ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದರೆ ಆರೋಗ್ಯವಂತರ ದೇಹ ಸ್ವಲ್ಪ ಹೊತ್ತಿನಲ್ಲೇ ಗುಡಿಸಿ ಹಾಕುತ್ತದೆ. ಕೃತಕ ಕವಾಟ ಹಾಕಿಸಿಕೊಂಡಿದ್ದರೆ ಅಥವಾ ಕವಾಟ ಮೊದಲೇ ಹಾಳಾಗಿದ್ದರೆ ಅವು ಅಲ್ಲಿ ಅಂಟಿಕೊಂಡು ಗೂಡು ಕಟ್ಟಬಹುದು. ಎಂಡೋಕಾರ್ಡೈಟಿಸ್ ಅನ್ನುವ ಈ ಸೋಂಕು ಪ್ರಾಣಕ್ಕೇ ಬರುವಂಥದ್ದು. ಅದಕ್ಕೇ ಕೃತಕ ಕವಾಟ ಇರುವವರು, ಹಿಂದೊಮ್ಮೆ ಈ ಸೋಂಕು ಆಗಿದ್ದವರು, ಹುಟ್ಟಿನಿಂದಲೇ ಕೆಲವು ಬಗೆಯ ಹೃದಯದೋಷ ಇರುವವರು ಹಲ್ಲು ಕೀಳಿಸುವ, ಒಸಡು ಕ್ಲೀನ್ ಮಾಡಿಸುವ ಮುಂಚೆ ಡಾಕ್ಟರಿಗೆ ಹೇಳಿ ಆಂಟಿಬಯಾಟಿಕ್ ತಗೋಬೇಕು. ಅಪ್ಪನ ಹಾಗೆ ಬರೀ ಸ್ಟೆಂಟ್ ಇರುವವರಿಗೆ ಅದು ಬೇಕಾಗಿಲ್ಲ.

ಅಮೆರಿಕದಲ್ಲಿ ಪೀಟರ್ ಲಾಕ್‌ಹಾರ್ಟ್ ತಂಡ 290 ಜನರ ಮೇಲೆ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟವಾಯಿತು. ಔಷಧಿ ಇಲ್ಲದೆ ಹಲ್ಲು ಕಿತ್ತಾಗ ಶೇ 60ರಷ್ಟು ಜನರ ರಕ್ತದಲ್ಲಿ ಈ ಸೋಂಕು ತರಬಲ್ಲ ಬ್ಯಾಕ್ಟೀರಿಯಾ ಸಿಕ್ಕಿತು. ಆಂಟಿಬಯಾಟಿಕ್ ಕೊಟ್ಟು ಕಿತ್ತಾಗ ಶೇ 33. ಸುಮ್ಮನೆ ಬ್ರಶ್ ಮಾಡಿದಾಗ? ಶೇ 23. ಹಲ್ಲು ಕೀಳಿಸೋದು ಜನ್ಮಕ್ಕೆ ಕೆಲವು ಸಲ, ಬ್ರಶ್ ಮಾಡೋದು ವರ್ಷಕ್ಕೆ ಏಳುನೂರು ಸಲ. ಬಾಯಿ ದಿನಾ ಹೇಗಿದೆ ಅನ್ನೋದು ಅದಕ್ಕೇ ಮುಖ್ಯವಾಗೋದು. ಇಷ್ಟು ಓದಿ ಬ್ರಶ್ ಮಾಡೋದನ್ನೇ ಬಿಟ್ಟುಬಿಡೋಣ ಅಂತ ಯಾರಿಗಾದರೂ ಅನ್ನಿಸಿದರೆ, ದಯವಿಟ್ಟು ಮುಂದೆ ಓದಿ. ನಮ್ಮಪ್ಪ ಮಾಡಿದ್ದೂ ಅದನ್ನೇ.

ದೀಪಾವಳಿಗೆ ಊರಿಗೆ ಹೋಗಿದ್ದೆ. ನೀರು ತುಂಬುವ ಹಬ್ಬದ ದಿನ ಬಚ್ಚಲಲ್ಲಿ ಅಪ್ಪನ ಬ್ರಶ್ ಕಾಣಲಿಲ್ಲ. ಕೇಳಿದರೆ ಬೆರಳಲ್ಲಿ ಹಲ್ಲುಪುಡಿ ಹಾಕಿ ಉಜ್ಜುತ್ತಿದ್ದರು. 'ಬ್ರಶ್ಶು ತಾಗಿದ್ರೆ ರಕ್ತ ಬತ್ತದೆ, ಯಾಕ್ ಬೇಕು' ಅಂದರು. ನನಗೆ ಯಾಕೋ ಅನುಮಾನ ಬಂತು. ಮಾತ್ರೆ ಡಬ್ಬಿ ತೆಗೆದೆ. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಮಾತ್ರೆ ಕೊಟ್ಟಿರುತ್ತಾರೆ, ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಥರದ್ದು ಇನ್ನೊಂದು. ಬಿಲ್ಲಿನ ತಾರೀಖು ನೋಡಿ ಎಣಿಸಿದೆ. ಎರಡನೆಯದರಲ್ಲಿ ಹನ್ನೊಂದು ಮಾತ್ರೆ ಜಾಸ್ತಿ ಉಳಿದಿತ್ತು.

'ಅಪ್ಪಾ, ಇದೇನಿದು?'

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ರಕ್ತ ನೀರಾಗೈತೆ ಅಂತ ಗೊತ್ತಾಯ್ತು. ಅದ್ಕೆ ದಿನ ಬಿಟ್ಟು ದಿನ ತಗೋತಿದ್ದೆ. ನಿಂಗೆ ಹೇಳಿದ್ರೆ ಗಾಬರಿ ಮಾಡ್ಕೋತೀಯ ಅಂತ ಹೇಳ್ಲಿಲ್ಲ' ಅಂದರು. ಅಮ್ಮನಿಗೂ ಗೊತ್ತಿರಲಿಲ್ಲ. ಒಲೆ ಮುಂದೆ ಕೂತಿದ್ದವಳು ಎದ್ದು ಬಂದು, 'ಏನ್ರೀ, ತೋಟದ ಮೋಟ್ರಿಗೆ ದಿನ ಬಿಟ್ಟು ದಿನ ಆಯಿಲ್ ಹಾಕ್ತೀರಾ?' ಅಂತ ಬೈದಳು. ನಾನಂತೂ ಅತ್ತುಬಿಟ್ಟೆ.

ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಈ ಮಾತ್ರೆ ತಪ್ಪಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ನಾಳ ದಿಢೀರನೆ ಮುಚ್ಚಿಕೊಳ್ಳಬಹುದು. ಮೊದಲಿನ ಹಾಗೆ ಏರಿ ಮೇಲೆ ಕೂತು ಸುಧಾರಿಸಿಕೊಳ್ಳುವ ಅವಕಾಶವೂ ಇರಲ್ಲ. ಒಸಡಿನಿಂದ ಹೃದಯಕ್ಕೆ ಬ್ಯಾಕ್ಟೀರಿಯಾ ಹೋಗುತ್ತದೋ ಇಲ್ಲವೋ ಅಂತ ನಾನು ತಿಂಗಳುಗಟ್ಟಲೆ ಓದುತ್ತಿದ್ದಾಗ, ನಮ್ಮ ಮನೆಯಲ್ಲೇ ಒಸಡಿನ ರಕ್ತ ಹೃದಯಕ್ಕೆ ಇಷ್ಟು ಹತ್ತಿರದ ದಾರಿ ಹುಡುಕಿಕೊಂಡಿತ್ತು.

ಫೋನಿನಲ್ಲಿ ಕಾರ್ಡಿಯಾಲಜಿಸ್ಟ್ ಮೊದಲು ಹೇಳಿದ್ದು, ಮಾತ್ರೆ ಇವತ್ತಿನಿಂದಲೇ ದಿನಾ ತಗೋಬೇಕು, ಬೈಯಬೇಡಿ, ಹಬ್ಬ ಮುಗಿಸಿ ಕರ್ಕೊಂಡು ಬನ್ನಿ ಅಂತ. ಎರಡನೆಯದಾಗಿ, ಒಸಡಲ್ಲಿ ರಕ್ತ ಬರೋದು ಬರೀ ಆ ಮಾತ್ರೆಯ ತಪ್ಪಲ್ಲ. ಒಸಡು ಮೊದಲೇ ಊದಿಕೊಂಡಿದ್ದರೆ ಮಾತ್ರೆ ಅದನ್ನು ಎತ್ತಿ ತೋರಿಸುತ್ತದೆ. ಬೆರಳಿನಿಂದ ಉಜ್ಜಿದರೆ ಸಂದಿಯ ಕೊಳೆ ಹೋಗಲ್ಲ, ಒಸಡು ಇನ್ನಷ್ಟು ಊದಿಕೊಳ್ಳುತ್ತದೆ, ರಕ್ತ ಇನ್ನಷ್ಟು ಬರುತ್ತದೆ. ಬೆಂಗಳೂರಿಗೆ ಕರೆತಂದಾಗ ನಮ್ಮ ಡೆಂಟಲ್ ಡಾಕ್ಟರ್ ಇನ್ನೊಂದನ್ನು ಕಂಡುಹಿಡಿದರು. ಅಪ್ಪನ ಕೆಳಗಿನ ಮುಂದಿನ ಹಲ್ಲುಗಳ ಸುತ್ತ ಒಸಡು ಗಂಟುಗಂಟಾಗಿ ಬೆಳೆದಿತ್ತು. 'ಬಿಪಿಗೆ ಯಾವ ಮಾತ್ರೆ?' ಅಮ್ಲೋಡಿಪಿನ್, ಏಳು ವರ್ಷದಿಂದ. ಕೆಲವರಿಗೆ ಆ ಮಾತ್ರೆಯಿಂದ ಒಸಡು ಹೀಗೆ ಬೆಳೆಯುತ್ತದಂತೆ, ಕೊಳೆ ಕೂತ ಕಡೆ ಹೆಚ್ಚು. ಅವರು ನಮ್ಮ ಮುಂದೆಯೇ ಕಾರ್ಡಿಯಾಲಜಿಸ್ಟಿಗೆ ಫೋನ್ ಮಾಡಿದರು. ಅವರು ಬಿಪಿ ಮಾತ್ರೆ ಬದಲಾಯಿಸಿದರು. ರಕ್ತದ ಮಾತ್ರೆ ನಿಲ್ಲಿಸದೆಯೇ, ಎರಡೆರಡು ಹಲ್ಲಿನ ಹಾಗೆ, ಸ್ವಲ್ಪ ಸ್ವಲ್ಪವೇ ಕ್ಲೀನ್ ಮಾಡೋದು ಅಂತ ಇಬ್ಬರೂ ಮಾತಾಡಿಕೊಂಡರು. ರಕ್ತ ಬಂದರೆ ಹತ್ತಿ ಬಟ್ಟೆ ಒತ್ತಿ ಹಿಡಿದು ನಿಲ್ಲಿಸಬಹುದು, ಸ್ಟೆಂಟ್ ಮುಚ್ಚಿಕೊಂಡರೆ ಹಾಗೆ ಒತ್ತಿ ಹಿಡಿಯೋಕಾಗಲ್ಲ ಅಂದರು ಡಾಕ್ಟರ್. ಇದನ್ನು ಅಪ್ಪನಿಗೆ ಎರಡು ಸಲ ಹೇಳಿಸಿದೆ.

ಅಂದು ನನಗೆ ಹೊಳೆದದ್ದು, ಇಬ್ಬರು ಡಾಕ್ಟರುಗಳೂ ಒಳ್ಳೆಯವರೇ, ಆದರೆ ಆ ಫೋನಿಗೆ ಮುಂಚೆ ಒಬ್ಬರ ಫೈಲನ್ನು ಇನ್ನೊಬ್ಬರು ನೋಡಿಯೇ ಇರಲಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಶೀಟಿನಲ್ಲಿ ಉಪ್ಪು, ಎಣ್ಣೆ, ನಡಿಗೆ, ಮೊಟ್ಟೆಯ ಹಳದಿ ಎಲ್ಲ ಇತ್ತು, ಬಾಯಿ ಮಾತ್ರ ಇರಲಿಲ್ಲ. ನಮ್ಮ ಆಫೀಸಿನವರು ಪ್ರತಿವರ್ಷ ಮಾಡಿಸುವ ಫುಲ್ ಬಾಡಿ ಚೆಕಪ್ಪಿನಲ್ಲೂ ಅಷ್ಟೇ, ಫುಲ್ ಬಾಡಿ ಅಂದರೆ ಕತ್ತಿನಿಂದ ಕೆಳಗೆ. ಇನ್ಶೂರೆನ್ಸ್ ನನ್ನ ಡೀಪ್ ಕ್ಲೀನಿಂಗಿಗೆ ಒಂದು ಪೈಸೆ ಕೊಡಲಿಲ್ಲ. ದುಡ್ಡಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜುಗಳ ಆಸ್ಪತ್ರೆಗಳಿಗೆ ಹೋಗಬಹುದು, ಖರ್ಚು ಬಹಳ ಕಡಿಮೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ಡೆಂಟಲ್ ಕಾಲೇಜೇ ಇದೆ. ಒಂದು ಬೆಳಗ್ಗೆ ರಜೆ ಹಾಕಬೇಕಾಗುತ್ತೆ, ಅಷ್ಟೇ.

ನನ್ನ ಟೀಮಿನಲ್ಲಿ ಈ ಕಥೆ ಹೇಳಿದಾಗ ಒಬ್ಬ ನಕ್ಕ. 'ನಂಗಂತೂ ರಕ್ತಾನೇ ಬರಲ್ಲ, ಐ ಆಮ್ ಸೇಫ್.' ದಿನಕ್ಕೆ ಆರು ಸಿಗರೇಟು ಸೇದುವವನು. ಪಾಪ, ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಬಿಗಿ ಮಾಡುವುದರಿಂದ ಸೇದುವವರಿಗೆ ಕಾಯಿಲೆ ಇದ್ದರೂ ರಕ್ತ ಕಡಿಮೆ ಬರುತ್ತದೆ ಅಂತ ಅವನಿಗೆ ಹೇಗೆ ಗೊತ್ತಿರಬೇಕು. ಅಲಾರಂ ವೈರ್ ಕತ್ತರಿಸಿದ ಹಾಗೆ. ಮಾರನೇ ವಾರ ಅವನೇ ಬಂದು ಡಾಕ್ಟರ ನಂಬರ್ ಇಸಕೊಂಡು ಹೋದ.

ನನ್ನ ಕ್ಲೀನಿಂಗ್ ನಾಲ್ಕು ಸಲದಲ್ಲಿ ಮುಗಿಯಿತು. ಈಗ ಮೃದುವಾದ ಬ್ರಶ್ಶನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಎರಡು ನಿಮಿಷ ಉಜ್ಜುತ್ತೇನೆ, ರಾತ್ರಿಯಂತೂ ತಪ್ಪಿಸಲ್ಲ. ಸಂದಿಗೆ ಪುಟ್ಟ ಬಾಟಲ್ ಬ್ರಶ್ಶಿನಂಥದ್ದು ಬಳಸುತ್ತೇನೆ. ಮೊದಲ ವಾರ ರಕ್ತ ಇನ್ನೂ ಬರ್ತಿತ್ತು, ಬಿಟ್ಟುಬಿಡೋಣ ಅನ್ನಿಸಿತ್ತು. ಮೂರನೇ ವಾರಕ್ಕೆ ನಿಂತಿತು. ಮೂರು ತಿಂಗಳ ನಂತರ ಮತ್ತೆ ಅದೇ ಕಡ್ಡಿ, ಅದೇ ನಂಬರುಗಳು: ಎರಡು, ಮೂರು, ಮೂರು. ಆರು ಇದ್ದ ಕಡೆ ನಾಲ್ಕು. ನನ್ನ ಹೃದಯಕ್ಕೆ ಇದರಿಂದ ಏನಾದರೂ ಆಯ್ತಾ? ಅದನ್ನು ಯಾವ ಕಡ್ಡಿಯೂ ಅಳೆಯಲ್ಲ. ಅದಕ್ಕೆ ಬೇರೆಯಾಗಿ ಬಿಪಿ ನೋಡಿಸಿದೆ, ಕೊಲೆಸ್ಟೆರಾಲ್ ಮಾಡಿಸಿದೆ. ಅಪ್ಪನಿಗೆ ಅರವತ್ತೊಂದಕ್ಕೇ ಬ್ಲಾಕ್ ಆಗಿದೆ ಅಂದಮೇಲೆ ಮಗಳ ಲೆಕ್ಕ ಹಲ್ಲಿಗೇ ಮುಗಿಯಲ್ಲ.

ಅಪ್ಪ ಈಗ ದಿನಾ ಬೆಳಗ್ಗೆ ಮಾತ್ರೆ ನುಂಗುವ ಮೊದಲು ವಿಡಿಯೋ ಕಾಲ್ ಮಾಡಿ ಸ್ಟ್ರಿಪ್ ತೋರಿಸುತ್ತಾರೆ. ನಾನು ಬೇಡ ಅಂದರೂ ಕೇಳಲ್ಲ. ಎಲೆ ಅಡಿಕೆ ಬಿಟ್ಟಿದ್ದೀನಿ ಅನ್ನುತ್ತಾರೆ, ಅಮ್ಮ ಹಿಂದಿನಿಂದ ಕೈಯಾಡಿಸಿ ಇಲ್ಲ ಅನ್ನುತ್ತಾಳೆ. ಕಿತ್ತ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸೋಣ ಅಂದರೆ ಕಾರ್ಡಿಯಾಲಜಿಸ್ಟ್ ವರ್ಷ ತುಂಬಲಿ ಅಂದಿದ್ದಾರೆ. ಮೊನ್ನೆ ಚಕ್ಕುಲಿ ತಿನ್ನುತ್ತಾ ಕೇಳಿದರು, 'ಅಲ್ಲ ಕಣವ್ವ, ಆ ಹಲ್ಲು ಏನ್ ತಪ್ಪು ಮಾಡಿತ್ತು?' ಸ್ವಲ್ಪ ಅಲ್ಲಾಡ್ತಿತ್ತು ಅಪ್ಪಾ ಅಂದೆ. 'ಈ ವಯಸ್ಸಲ್ಲಿ ಅಲ್ಲಾಡದೆ ಇರೋದು ಯಾವುದೈತೆ' ಅಂದು, ಚಕ್ಕುಲಿಯನ್ನು ಬಲಗಡೆಗೆ ತಳ್ಳಿಕೊಂಡರು.